ಅರಸೀಕೆರೆಯ ಶಂಟಿಂಗ್ ಎಂಜಿನ್ನು

ಬೇಲೂರು, ಹಳೇಬೀಡುಗಳಿಗೆಂದು ಅರಸೀಕೆರೆಯಲ್ಲಿ ರೈಲಿಳಿದವರು ನೇರ ಬಸ್ಸಿನತ್ತ ಧಾವಿಸುತ್ತೀರಿ. ಒಂದು ಗಳಿಗೆ ಯಾರ್ಡಿನ ಕಡೆಗೂ ಕಣ್ಣು ಹಾಯಿಸಿ. ಬೆಂಗಳೂರು–ಹುಬ್ಬಳ್ಳಿ ಹಾದಿಗೆ ಮೈಸೂರು–ಹಾಸನದ ಹಾದಿ ಬಂದು ಕೂಡುವುದು ಇಲ್ಲಿಯೇ.

1990ರ ದಶಕದಲ್ಲಿ ಹಳಿಗಳ ಅಂತರ 1 ಮೀಟರಿನಿಂದ 1,676 ಮಿಲಿಮೀಟರಿಗೆ ಹಿಗ್ಗಿತು. ಅದಕ್ಕೂ ಹಿಂದಿನ ಉಗಿಯ ಕಾಲದಲ್ಲಿ ಡಬ್ಬಿಗಳನ್ನು ಬಿಡಿಸಿ ಜೋಡಿಸುವ ಎಂಜಿನ್ನಿಗೆ, ಕೆಲಸವಿರಲಿ ಇಲ್ಲದಿರಲಿ, ಒಲೆ ಉರಿಯುತ್ತಲೇ ಇರಬೇಕಿತ್ತು. ಆರಿದರೆ ಮತ್ತೆ ಉಗಿಯೇಳಲು ಗಂಟೆಗಟ್ಟಲೆ ಕಾಯಬೇಕು. ಡೀಸೆಲ್ಲಿಗೆ ಆ ಗೋಜಿಲ್ಲ. ಅದಕ್ಕಿಂತ ಮುಖ್ಯವಾದುದು ನೋಟ. ಉಗಿ ಎಂಜಿನ್ನಿನ ಚಾಲಕ ಉದ್ದನೆಯ ಬಾಯ್ಲರಿನ ಪಕ್ಕದಿಂದ ಇಣುಕಬೇಕಿತ್ತು. ಶಂಟಿಂಗಿಗೆಂದೇ ಕಟ್ಟಿದ ಡೀಸೆಲ್ ಎಂಜಿನ್ನಿನ ಮೂತಿ ತಗ್ಗು. ಹಾಗಿದ್ದರೂ ಡಬ್ಬಿಗಳ ನಡುವೆ ನಿಂತು ಕೊಂಡಿ ಹಾಕುವವನು ಯಾವ ಚಾಲಕನಿಗೂ ಕಾಣನು. ಅವನು ಹೊರಬಂದು, ಶಂಟರನ ಹಸಿರು ದೀಪ ಅಲುಗುವವರೆಗೆ ಎಂಜಿನ್ನು ಕದಲಕೂಡದು.