ಕರ್ಕಿಯಿಂದ ಸಾಂಗ್ಲಿಗೆ ನಡೆದ ರಕ್ಕಸ

ಹಳೆಯ ಮರಾಠಿ ಪೌರಾಣಿಕ ನಾಟಕಗಳಿಗೆ ಒಂದು ಅಡ್ಡಹೆಸರಿದೆ: ‘ಅಲಲಡುರ್’ ನಾಟಕ. ಆ ಪದಕ್ಕೆ ಅರ್ಥವೇನೂ ಇಲ್ಲ. ರಾಕ್ಷಸ ಪಾತ್ರಧಾರಿ ಕತ್ತಿ ಝಳಪಿಸುತ್ತ ರಂಗಕ್ಕೆ ನುಗ್ಗುವಾಗ ಹಾಕುತ್ತಿದ್ದ ಕೂಗು ಅದು. ಮುಂದೆ ಬಂದ ನಯನಾಜೂಕಿನ ಪ್ರೇಕ್ಷಕರು ಆ ಕೂಗನ್ನೇ ಹೆಸರಾಗಿಸಿ ಇಡೀ ಒಂದು ತಲೆಮಾರಿನ ನಾಟಕಗಳನ್ನು ಹಂಗಿಸಿದರು. ನಾನು ಆ ಪದವನ್ನು ಮೊದಲ ಸಲ ಓದಿದಾಗ ಕಣ್ಣೆದುರು ಬಂದದ್ದು ಸಾಂಗ್ಲಿಯಲ್ಲ, ಕೊಯ್ಲು ಮುಗಿದ ಹೊನ್ನಾವರದ ಗದ್ದೆ. ದೂರದ ಕತ್ತಲಲ್ಲಿ ಯಕ್ಷಗಾನದ ರಕ್ಕಸನ, ಅಂದರೆ ಬಣ್ಣದ ವೇಷದ ಆರ್ಭಟೆ, ದೀವಟಿಗೆಗೆ ಎರಚಿದ ರಾಳದ ಪುಡಿ ಭುಗ್ಗೆಂದು ಉರಿದ ಬೆಳಕು, ಕಂಬಳಿಯೊಳಗೆ ನಿದ್ದೆ ಹೋಗಿದ್ದ ನನ್ನನ್ನು ಅಲುಗಿಸುತ್ತಿದ್ದ ಆಯಿ: “ಏಳೋ ತಮಾ, ಬಣ್ಣದ ವೇಷ ಬಂತು!”

ಆ ಎರಡು ಕೂಗುಗಳಿಗೂ ನಂಟಿದೆ. 1842ರಲ್ಲಿ ನಮ್ಮ ಕಡೆಯ ಭಾಗವತರ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿ ಸಂಸ್ಥಾನದವರೆಗೆ ಹೋಯಿತು. ಅದು ಹೊನ್ನಾವರದ ಪಕ್ಕದ ಕರ್ಕಿಯ ಮೇಳ ಎಂದು ರಂಗಭೂಮಿಯ ಚರಿತ್ರೆ ಬರೆದವರು ಗುರುತಿಸುತ್ತಾರೆ. ಕರ್ಕಿಯ ಹಾಸ್ಯಗಾರ ಮನೆತನದ ಹೆಸರು ಯಕ್ಷಗಾನ ಬಲ್ಲವರಿಗೆಲ್ಲ ಗೊತ್ತು. ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ಭಾಷೆ ಬೇರೆ, ಆದರೂ ಆಟ ಹಿಡಿಸಿತು. ಇಂಥದ್ದನ್ನೇ ಮರಾಠಿಯಲ್ಲಿ, ಇನ್ನಷ್ಟು ತಿದ್ದಿತೀಡಿ ಕಟ್ಟು ಎಂದು ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ತರುಣನಿಗೆ ಹೇಳಿದರು. ಮರುವರ್ಷ, 1843ರ ನವೆಂಬರ್ 5ರಂದು, ‘ಸೀತಾ ಸ್ವಯಂವರ’ ಆಡಲ್ಪಟ್ಟಿತು. ಮರಾಠಿಗರು ಇಂದಿಗೂ ಆ ದಿನವನ್ನು ತಮ್ಮ ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಭಾವೆಯವರ ನಾಟಕದ ಕಟ್ಟಣೆ ನೋಡಿದರೆ ನಮ್ಮವರಿಗೆ ಪರಿಚಯ ಹೇಳಬೇಕಿಲ್ಲ. ಮೊದಲಿಗೆ ಗಣಪತಿ. ಪದ್ಯವನ್ನೆಲ್ಲ ಹಾಡುವವನು ಸೂತ್ರಧಾರ, ಅಂದರೆ ನಮ್ಮ ಭಾಗವತ. ಪದ್ಯ ಮುಗಿದ ಮೇಲೆ ಪಾತ್ರಧಾರಿ ತನ್ನ ಮಾತನ್ನು ತಾನೇ ಅಲ್ಲಿಯೇ ಕಟ್ಟಿಕೊಳ್ಳಬೇಕು, ಅಂದರೆ ನಮ್ಮ ಅರ್ಥಗಾರಿಕೆ. ನಟರಲ್ಲಿ ದೇವತೆಗಳದ್ದೇ ಒಂದು ಪಂಗಡ, ಹೆಣ್ಣುವೇಷದ್ದು ಇನ್ನೊಂದು; ‘ರಾಕ್ಷಸ ಪಾರ್ಟಿ’ ಎಂಬುದಂತೂ ಬೇರೆಯೇ. ನನಗೆ ಈ ಮೂರನೆಯದರ ಮೇಲೇ ಕಣ್ಣು. ಸಾಂಗ್ಲಿಯ ದೊರೆ ತಿದ್ದಿತೀಡಲು ಹೇಳಿದರೂ ಮರಾಠಿ ಜನ ಬಯಸಿ ನೋಡಿದ್ದು ರಕ್ಕಸನ ಅಬ್ಬರವನ್ನೇ. 1853ರಲ್ಲಿ ಭಾವೆಯವರ ಮಂಡಳಿ ಮುಂಬೈಯ ಗ್ರಾಂಟ್ ರೋಡ್ ಥಿಯೇಟರಿನಲ್ಲಿ ಆಡಿತು. ಗದ್ದೆಯ ರಕ್ಕಸ ಹನ್ನೊಂದೇ ವರ್ಷಗಳಲ್ಲಿ ಟಿಕೆಟ್ಟಿನ ನಾಟಕಶಾಲೆ ಸೇರಿದ್ದ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ ಬಂದು ಸಂಗೀತ ನಾಟಕದ ಕಾಲ ಶುರುವಾದ ಮೇಲೆ ಕೂಗು ಹಿಂದೆ ಸರಿಯಿತು, ಅಡ್ಡಹೆಸರು ಉಳಿಯಿತು. ಒಂದು ರಂಗಭೂಮಿಯನ್ನು ಎಬ್ಬಿಸಿ ನಿಲ್ಲಿಸಿದ ದನಿಗೆ ಸಂದ ಮರ್ಯಾದೆ ಇದು ಎಂದುಕೊಂಡಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ರಕ್ಕಸನನ್ನು ಇಷ್ಟು ಚೆನ್ನಾಗಿ ಕಡೆಯಲು ನಮ್ಮ ಕರಾವಳಿಗೆ ಹೇಗೆ ಬಂತು? ಆಡಿದವರ ಕೈಚಳಕ ಒಂದು ಕಡೆ. ಈ ನೆಲದ ಕತೆಯೇ ರಕ್ಕಸನದ್ದು ಎಂಬುದು ಇನ್ನೊಂದು. ರಾವಣ ಆತ್ಮಲಿಂಗ ಹೊತ್ತು ಬಂದ, ವಟುವೇಷದ ಗಣಪತಿ ಅದನ್ನು ಗೋಕರ್ಣದ ಮಣ್ಣಿಗೆ ಇಟ್ಟ, ರಾವಣ ಕಿತ್ತರೂ ಏಳಲಿಲ್ಲ. ರೋಷದಿಂದ ಲಿಂಗದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳನ್ನು ದಿಕ್ಕುದಿಕ್ಕಿಗೆ ಎಸೆದ. ಅವು ಬಿದ್ದಲ್ಲೆಲ್ಲ ಕ್ಷೇತ್ರಗಳಾದವು. ಕುಮಟೆಯ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರ್ಡೇಶ್ವರ: ಈ ಮೂರು ತಾಲೂಕುಗಳ ಶಿವಾಲಯಗಳನ್ನು ಗುರುತು ಹಾಕಿಕೊಟ್ಟದ್ದು ಒಬ್ಬ ರಕ್ಕಸನ ಕೋಪ. ಅದೇ ಗುಣವಂತೆಯಲ್ಲೇ ಕೆರೆಮನೆಯವರ ಮೇಳದ ನೆಲೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ರಾವಣನನ್ನು ಸೋಲಿಸಿದ ಗಣಪತಿಯ ಹೆಸರಲ್ಲಿ ಮೇಳ, ರಾವಣ ಎಸೆದ ಚೂರು ಬಿದ್ದ ಊರಲ್ಲಿ ವಾಸ.

ಯುರೋಪಿನವರ ಕತೆಗಳಲ್ಲೂ ನಮ್ಮ ರಕ್ಕಸನಂಥ ಕಪ್ಪು ಜೀವಿಗಳಿದ್ದಾರೆ. ನಮ್ಮ ಯಕ್ಷರ ಹಾಗೆ ಅವರಿಗೆ ಎಲ್ಫ್‌ಗಳು. ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲೂಸನ್ 13ನೇ ಶತಮಾನದಲ್ಲಿ ತನ್ನ ‘ಎಡ್ಡಾ’ ಗ್ರಂಥದಲ್ಲಿ ಅವರನ್ನು ಎರಡು ಬಗೆ ಮಾಡಿದ: ಸೂರ್ಯನಿಗಿಂತ ಚೆಲುವಾದ ಬೆಳಕಿನ ಎಲ್ಫ್‌ಗಳು, ನೆಲದಡಿಯಲ್ಲಿರುವ, ಡಾಂಬರಿಗಿಂತ ಕಪ್ಪಾದ ಎಲ್ಫ್‌ಗಳು. ಕಪ್ಪಿನವರ ಬಗ್ಗೆ ಅವನು ಹೇಳಿದ್ದು ಬಹಳ ಕಡಿಮೆ. ಆದರೆ ಆ ಒಂದೆರಡು ಸಾಲುಗಳಿಂದ 20ನೇ ಶತಮಾನದಲ್ಲಿ ಒಂದು ವಂಶವೇ ಹುಟ್ಟಿತು. 1970ರ ದಶಕದ ಕೊನೆಗೆ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ತನ್ನ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟಕ್ಕೆ ಪಾತಾಳವಾಸಿಗಳಾದ ಕ್ರೂರ ‘ಡ್ರೌ’ ಎಲ್ಫ್‌ಗಳನ್ನು ತಂದ. 1988ರಲ್ಲಿ ಆರ್. ಎ. ಸಾಲ್ವಟೋರೆ ಅದೇ ಕುಲದ ಡ್ರಿಜ್ಟ್ ಎಂಬವನನ್ನು ಕಾದಂಬರಿಗೆ ತಂದ: ನೇರಳೆ ಕಣ್ಣು, ಎರಡು ಬಾಗುಗತ್ತಿ, ಕುಲದ ಕೇಡನ್ನು ತೊರೆದು ಬಂದ ಏಕಾಂಗಿ. ಕೇಡಿಗ ಕುಲದಿಂದ ಓದುಗರ ಕಣ್ಮಣಿಯಾದ ನಾಯಕ.

ಹೊನ್ನಾವರದಲ್ಲಿಯೂ ಆದದ್ದು ಇದೇ, ಆದರೆ ಕಾಗದದ ಮೇಲಲ್ಲ, ಒಬ್ಬ ಮನುಷ್ಯನ ಮುಖದ ಮೇಲೆ. ಹಳೆಯ ಬಣ್ಣದ ವೇಷದ ಮುಖದಲ್ಲಿ ಮನುಷ್ಯ ಕಾಣುತ್ತಲೇ ಇರಲಿಲ್ಲ. ಕಪ್ಪು, ಕೆಂಪು ಬಳಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟು, ಒಣಗಿದ ಮೇಲೆ ಅದರ ಮೇಲೊಂದು ಚುಕ್ಕೆ. ಗಂಟೆಗಟ್ಟಲೆಯ ಕೆಲಸ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ ಮುಖದಲ್ಲಿ ಚಿಟ್ಟಿ ಇರಲಿಲ್ಲ. ದಪ್ಪ ಮೀಸೆ, ತಿದ್ದಿದ ಹುಬ್ಬು, ಆಡುವ ಕೆನ್ನೆ. ಮೋಹಿನಿಯನ್ನು ಕಂಡ ಗಳಿಗೆಯಿಂದ ಅವರ ರಕ್ಕಸ ಕರಗುತ್ತಿದ್ದ. ವರದ ಸೊಕ್ಕು ಸರಿದು ಆಸೆ ಬಂದು ಕೂರುತ್ತಿತ್ತು. ತನ್ನ ಕೈ ತನ್ನ ತಲೆಯ ಮೇಲೆ ಹೋಗುವ ಕ್ಷಣದಲ್ಲಿ “ಅಯ್ಯೋ” ಎಂದವರನ್ನು ನಾನು ಸಭೆಯಲ್ಲಿ ಕೇಳಿದ್ದೇನೆ. ಶಿವನನ್ನೇ ಅಟ್ಟಿಸಿಕೊಂಡು ಹೋದವನಿಗಾಗಿ ಮರುಗುವಂತೆ ಮಾಡಿದ ಕಲಾವಿದರು ಅವರು. 2012ರಲ್ಲಿ ಪದ್ಮಶ್ರೀ ಬಂದಾಗ ಹೊನ್ನಾವರದ ಹಳ್ಳಿಹಳ್ಳಿಗೂ ಬಂದ ಹಾಗಾಗಿತ್ತು. 2017ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಅವರ ಭಸ್ಮಾಸುರನನ್ನು ನಾನು ಎಷ್ಟು ಪ್ರೀತಿಸಿದೆನೋ, ಅವನ ಬೆಳಕಿನ ಹಿಂದೆ ಮರೆಯಾದ ಚಿಟ್ಟಿಯ ಮುಖಕ್ಕಾಗಿ ಅಷ್ಟೇ ಹಲುಬುತ್ತೇನೆ. ಒಂದು ಉಳಿಯಲು ಇನ್ನೊಂದು ಅಳಿಯಬೇಕಿರಲಿಲ್ಲ. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ದಲ್ಲಿ ಹಳೆಯ ವೇಷ, ಬಣ್ಣಗಾರಿಕೆಗಳನ್ನು ಬರೆದಿಟ್ಟರು, 1959ರಲ್ಲಿ ಆ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪುಸ್ತಕದಲ್ಲಿ ಮುಖ ಉಳಿಯಿತು, ಗದ್ದೆಯಲ್ಲಿ ಉಳಿಯಲಿಲ್ಲ. ಈಗ ಆಟ ಕಾಲಮಿತಿಯದ್ದು. ರಾತ್ರಿ ಹನ್ನೆರಡೂವರೆಗೆ ಮನೆಗೆ ಹೋಗಬೇಕಾದವರಿಗೆ ನಿದ್ದೆಯಿಂದ ಎಬ್ಬಿಸುವ ರಕ್ಕಸ ಬೇಕಾಗಿಲ್ಲ. ಎಲ್ಲ ಕಡೆ ಬಿಳಿ ಬೆಳಕು ಚೆಲ್ಲಿದ ವೇದಿಕೆಯಲ್ಲಿ ರಾಳ ಉರಿದರೆ ಹೊಗೆ ಮಾತ್ರ ಕಾಣುತ್ತದೆ. ಒಡ್ಡೋಲಗಕ್ಕೆ, ತೆರೆಯ ಹಿಂದಿನ ಕುಣಿತಕ್ಕೆ ಸಮಯವಿಲ್ಲ. ರಕ್ಕಸ ಬರುತ್ತಲೇ ಮಾತಿಗಿಳಿಯುತ್ತಾನೆ.

ಹುಡುಗನಾಗಿದ್ದಾಗ ಒಮ್ಮೆ ಚೌಕಿಯಲ್ಲಿ ಬಣ್ಣದ ವೇಷದವರ ಎದುರು ಕೂತಿದ್ದೆ. ಅರ್ಧ ಮುಖ ಆಗಿತ್ತು. ನಕ್ಕರೆ, ಮಾತಾಡಿದರೆ ಚಿಟ್ಟಿ ಬಿರಿಯುತ್ತದೆ. ಅವರು ಕೈಸನ್ನೆಯಲ್ಲೇ ನನ್ನನ್ನು ಹತ್ತಿರ ಕರೆದು ಕನ್ನಡಿ ಕೈಗಿಟ್ಟರು. ದೀಪಕ್ಕೆ ಓರೆಯಾಗಿ ಹಿಡಿದು ನಿಂತೆ. ತೋಳು ಸೋತರೂ ಅಲುಗಿಸಲಿಲ್ಲ; ಕನ್ನಡಿ ಅಲುಗಿದರೆ ಚುಕ್ಕೆ ತಪ್ಪುತ್ತಿತ್ತು. ಕೊನೆಯ ಚಿಟ್ಟಿ ಇಟ್ಟಾದ ಮೇಲೆ ಅವರು ನಿಧಾನ ಕಣ್ಣೆತ್ತಿ ನನ್ನನ್ನು ನೋಡಿದರು. ಆಗಲೇ ಅವರು ಅವರಾಗಿರಲಿಲ್ಲ. ನಾನು ಕನ್ನಡಿಯನ್ನು ಅಲ್ಲೇ ಇಟ್ಟು ಆಯಿಯ ಕಂಬಳಿಗೆ ಓಡಿದೆ.