ಎರಡು ಗಡಿಯಾರ, ಒಂದೇ ಹಾಡು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಕನ್ನಡವು ಬರಹಕ್ಕಿಂತ ಬಾಯಿಮಾತಿನಲ್ಲೇ ಉಳಿದುಬಂದಿದೆ. ಆದುದರಿಂದ ಹಿರಿಯರ ಹಾಡುಗಳ ಧ್ವನಿಮುದ್ರಣವು ತಡಮಾಡಬಾರದ ಕಾರ್ಯ.

ಹಾಡುವವರು ನಾಲ್ವರಿದ್ದಾಗ, ಎರಡೆರಡು ಮೈಕುಗಳ ಎರಡು ಆಡಿಯೋ ಇಂಟರ್‌ಫೇಸ್‌ಗಳನ್ನು ಒಂದೇ ಕಂಪ್ಯೂಟರಿಗೆ ಜೋಡಿಸುವುದುಂಟು. ಆದರೆ ಪ್ರತಿಯೊಂದಕ್ಕೂ ತನ್ನದೇ ಸ್ಫಟಿಕ ಗಡಿಯಾರವಿರುತ್ತದೆ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟೇ ಅಂತರವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡು ವ್ಯತ್ಯಾಸ ಬೀಳುವುದು. ಸೊಲ್ಲೆತ್ತುವವರಿಗೂ ಹಿಮ್ಮೇಳಕ್ಕೂ ತಾಳ ಕೂಡದು.

ಡಿಜಿಟಲ್ ತಂತಿಯಿಂದ ಎರಡನ್ನೂ ಬೆಸೆದು, ಒಂದರ ಗಡಿಯಾರವನ್ನೇ ಇನ್ನೊಂದು ಅನುಸರಿಸುವಂತೆ ಮಾಡುವುದು ಉತ್ತಮ. ಮ್ಯಾಕ್ ಕಂಪ್ಯೂಟರಿನಲ್ಲಿ ‘ಅಗ್ರಿಗೇಟ್ ಡಿವೈಸ್’ ರಚಿಸಿ, ಎರಡನೆಯದಕ್ಕೆ ‘ಡ್ರಿಫ್ಟ್ ಕರೆಕ್ಷನ್’ ಗುರುತಿಸಬಹುದು. ಎರಡೂ ಸಾಧ್ಯವಿಲ್ಲದಲ್ಲಿ ನಾಲ್ಕು ಮೈಕುಗಳ ಒಂದೇ ಇಂಟರ್‌ಫೇಸ್ ಲೇಸು.

ಮೊದಲಿಗೂ ಕೊನೆಗೂ ಒಂದೊಂದು ಚಪ್ಪಾಳೆಯನ್ನು ಮುದ್ರಿಸಿಕೊಳ್ಳಿರಿ. ಅಂತರವೆಷ್ಟೆಂಬುದು ಅದರಿಂದಲೇ ತಿಳಿಯುವುದು. ಯಂತ್ರದ ತಪ್ಪನ್ನು ತಿದ್ದಬಹುದು. ಹಾಡಿದ ಕಂಠ ಮತ್ತೆ ದೊರೆಯದು.