ವಿಮಾನಕ್ಕೆ ಗಾಳಿ ತಿಳಿಯುವುದು ಹೇಗೆ?

ಕೊಡಗಿನ ಸಿದ್ದಾಪುರದ ಓದುಗರೊಬ್ಬರು ಮನೆಯಲ್ಲೇ ಕಾಕ್‌ಪಿಟ್ ಕಟ್ಟಿಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್, ಎದುರಿಗೆ ಪ್ಲೈವುಡ್ ಪ್ಯಾನೆಲ್, ಅದರ ಮೇಲೆ ವೇಗ, ಎತ್ತರ, ದಿಕ್ಕು ತೋರಿಸುವ ಮುಳ್ಳುಗಳು. ಇವುಗಳ ಜೊತೆಗೆ ಗಾಳಿಯ ಮೀಟರ್ ಒಂದನ್ನು ಕೂರಿಸುವುದು ಹೇಗೆ ಎಂದು ಕೇಳಿದ್ದಾರೆ.

ಸುಲಭದ ದಾರಿ ಇದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿರಲಿ, ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಇರಲಿ, ವಿಮಾನದ ಸುತ್ತಲಿನ ಗಾಳಿಯ ದಿಕ್ಕು ಮತ್ತು ವೇಗ ಅದರೊಳಗೆ ಸಿದ್ಧವಾಗಿಯೇ ಇರುತ್ತವೆ. ಅವನ್ನು ಓದಿ ಮುಳ್ಳಿಗೆ ಕೊಟ್ಟರೆ ಕೆಲಸ ಮುಗಿಯಿತು. ನನ್ನ ಸಲಹೆ ಮಾತ್ರ ಬೇರೆ. ಗಾಳಿಯನ್ನು ಸೃಷ್ಟಿಸಿದವರನ್ನೇ ಗಾಳಿ ಎಷ್ಟಿದೆ ಎಂದು ಕೇಳುವ ಅನುಕೂಲ ಆಕಾಶದಲ್ಲಿರುವ ವಿಮಾನಕ್ಕಿಲ್ಲ. ಅದು ಲೆಕ್ಕ ಹಾಕಿಯೇ ತಿಳಿಯಬೇಕು. ನಿಮ್ಮ ಮೀಟರೂ ಲೆಕ್ಕ ಹಾಕಲಿ.

ಸಿಮ್ಯುಲೇಟರಿನ ಹುಟ್ಟಿನಲ್ಲೂ ಗಾಳಿಯ ಪಾತ್ರವಿದೆ. ಅಮೆರಿಕದ ಬಿಂಗ್‌ಹ್ಯಾಂಟನ್ನಿನ ಎಡ್ವಿನ್ ಲಿಂಕ್ ಅವರ ಮನೆತನದ್ದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ಆರ್ಗನ್ನಿಗೆ ಉಸಿರು ತುಂಬುವ ತಿದಿಗಳನ್ನೇ ಬಳಸಿ ಅವರು 1929ರ ಹೊತ್ತಿಗೆ ನೆಲದ ಮೇಲೆಯೇ ಓಲಾಡುವ, ತಿರುಗುವ ತರಬೇತಿ ವಿಮಾನವನ್ನು ಕಟ್ಟಿದರು. ಮೊದಮೊದಲು ಅದು ಜಾತ್ರೆ, ಮನರಂಜನೆಯ ಮೈದಾನಗಳಲ್ಲೇ ಹೆಚ್ಚು ಓಡಿತು. 1934ರಲ್ಲಿ ಅಂಚೆ ಸಾಗಿಸಲು ಹೋದ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಿಲುಕಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಆರು ಯಂತ್ರಗಳನ್ನು ಕೊಂಡಿತು.

ಈಗ ಲೆಕ್ಕ. ಕರಡಿಗೋಡಿನಲ್ಲಿ ತುಂಬಿದ ಕಾವೇರಿಯನ್ನು ದೋಣಿಯಲ್ಲಿ ದಾಟುವುದನ್ನು ನೆನೆಸಿಕೊಳ್ಳಿ. ಅಂಬಿಗ ಎದುರು ದಡದ ಮರಕ್ಕೆ ನೇರವಾಗಿ ಮೂತಿ ಇಟ್ಟು ಹುಟ್ಟು ಹಾಕುತ್ತಾನೆ. ದೋಣಿ ಮುಟ್ಟುವುದು ಮರದಿಂದ ಎಷ್ಟೋ ಕೆಳಗೆ. ನೀರು ನಿಂತಿದ್ದರೆ ಎಲ್ಲಿ ತಲುಪುತ್ತಿದ್ದ, ನಿಜಕ್ಕೂ ಎಲ್ಲಿ ತಲುಪಿದ, ಈ ಎರಡು ಜಾಗಗಳ ನಡುವಿನ ಅಂತರವನ್ನು ದಾಟಲು ಹಿಡಿದ ಸಮಯದಿಂದ ಭಾಗಿಸಿದರೆ ಹೊಳೆಯ ಸೆಳೆತ ಸಿಗುತ್ತದೆ. ಅದನ್ನು ತಿಳಿಯಲು ಯಾರೂ ನೀರಿಗೆ ಮೀಟರ್ ಇಳಿಸಿಲ್ಲ. ವಿಮಾನ ಮಾಡುವುದೂ ಇದನ್ನೇ. ಮೂತಿ ಯಾವ ದಿಕ್ಕಿಗಿದೆ ಎಂಬುದನ್ನು ದಿಕ್ಸೂಚಿ ಹೇಳುತ್ತದೆ. ಗಾಳಿಯನ್ನು ಸೀಳುವ ವೇಗವನ್ನು ಪಿಟೋ ಕೊಳವೆ ಹೇಳುತ್ತದೆ. ಫ್ರಾನ್ಸಿನ ಆಂರಿ ಪಿಟೋ 1732ರಲ್ಲಿ ಈ ಕೊಳವೆಯನ್ನು ಮಾಡಿದ್ದು ಸೀನ್ ನದಿಯ ಹರಿವನ್ನು ಅಳೆಯಲು. ನೆಲದ ಮೇಲಿನ ನಿಜವಾದ ಚಲನೆಯನ್ನು ಜಿಪಿಎಸ್ ಕೊಡುತ್ತದೆ. ನೆಲದ ಚಲನೆಯಿಂದ ಗಾಳಿಯೊಳಗಿನ ಚಲನೆಯನ್ನು ದಿಕ್ಕುಸಮೇತ ಕಳೆಯಿರಿ. ಉಳಿಯುವುದೇ ಗಾಳಿ.

ದಕ್ಷಿಣ ಕೊಡಗಿನ ಮೇಲೆ ಮುಂಗಾರಿನ ಒಂದು ದಿನ ವಿಮಾನದ ಮೂತಿ ನೇರ ಪಶ್ಚಿಮಕ್ಕೆ, ಅಂದರೆ 270 ಡಿಗ್ರಿಗೆ ಇದೆ ಎನ್ನೋಣ. ಗಾಳಿಯೊಳಗಿನ ವೇಗ 100 ನಾಟ್, ಅಂದರೆ ಗಂಟೆಗೆ 185 ಕಿ.ಮೀ. ಜಿಪಿಎಸ್ ಮಾತ್ರ ವೇಗ ಸುಮಾರು 75 ನಾಟ್, ಸಾಗುತ್ತಿರುವ ದಿಕ್ಕು 281 ಡಿಗ್ರಿ ಎನ್ನುತ್ತದೆ. ಕಳೆದು ನೋಡಿದರೆ 240 ಡಿಗ್ರಿ ಕಡೆಯಿಂದ ಸುಮಾರು 30 ನಾಟ್ ಬೀಸುವ ನೈಋತ್ಯ ಮಾರುತ ಕೈಗೆ ಸಿಗುತ್ತದೆ. ಅದರಲ್ಲಿ 26 ನಾಟ್ ಎದುರುಗಾಳಿ, 15 ನಾಟ್ ಎಡಪಕ್ಕದ ಗಾಳಿ. ಮಂಗಳೂರಿನ ಬಜ್ಪೆಯಲ್ಲಿ 24ನೇ ನಂಬರಿನ ರನ್‌ವೇ ಮುಖ ಮಾಡಿರುವುದೂ ಸರಿಸುಮಾರು ಇದೇ 240 ಡಿಗ್ರಿಗೆ.

ಮುಳ್ಳು ನಡುಗದಿರಲು ಹತ್ತಾರು ಸೆಕೆಂಡಿನ ಸರಾಸರಿ ತೆಗೆಯಬೇಕು. ಆದರೆ ದಿಕ್ಕಿನ ಅಂಕಿಗಳ ಸರಾಸರಿ ತೆಗೆಯಬೇಡಿ. 350 ಮತ್ತು 10ರ ಸರಾಸರಿ 180 ಬರುತ್ತದೆ, ಉತ್ತರದ ಗಾಳಿ ದಕ್ಷಿಣದ್ದಾಗಿಬಿಡುತ್ತದೆ! ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಭಾಗಗಳ ಸರಾಸರಿಯನ್ನು ಬೇರೆ ಬೇರೆ ತೆಗೆದು ಕೊನೆಗೆ ಕೂಡಿಸಿ. ಮೋಟರಿನ ವಿಷಯದಲ್ಲೂ ಒಂದು ಎಚ್ಚರಿಕೆ. ಕಾರಿನ ಸ್ಪೀಡೋಮೀಟರಿನಲ್ಲಿರುವಂಥ ಪುಟ್ಟ ಮೋಟರ್ 315 ಡಿಗ್ರಿಗೆ ನಿಂತುಬಿಡುತ್ತದೆ. ಗಾಳಿಯ ಬಾಣಕ್ಕೆ ಸುತ್ತಲೂ ತಿರುಗುವ ಸ್ಟೆಪ್ಪರ್ ಮೋಟರೇ ಬೇಕು.

ಸಿಮ್ಯುಲೇಟರಿನ ‘ಲೈವ್’ ಹವಾಮಾನವನ್ನು ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. ಅದು ನೆಲವನ್ನು ದೊಡ್ಡ ಚೌಕಗಳಾಗಿ ಹಂಚಿ ಲೆಕ್ಕ ಹಾಕುವ ಹವಾಮಾನ ಮಾದರಿಯ ಅಂದಾಜು. ತಡಿಯಂಡಮೋಳ್ ಬೆಟ್ಟವನ್ನು ಏರಿಳಿದು ಕಾಫಿ ತೋಟದೊಳಗೆ ಸುಳಿಯುವ ಗಾಳಿ ಆ ಚೌಕಗಳಿಗೆ ಸಿಗುವಂಥದ್ದಲ್ಲ.

ಮೀಟರ್ ಸರಿಯಿದೆಯೇ ಎಂದು ನೋಡಲು ಸಿದ್ದಾಪುರದ ಮೇಲೆ 10,000 ಅಡಿಯಲ್ಲಿ, ಪಿಟೋ 100 ನಾಟ್ ತೋರಿಸುವಂತೆ, ನಿಧಾನವಾಗಿ ಒಂದು ಸುತ್ತು ಹಾಕಿ. ಮೂತಿ ಎತ್ತ ತಿರುಗಿದರೂ ಗಾಳಿಯ ದಿಕ್ಕು ಬದಲಾಗಬಾರದು. ಎಲ್ಲಿಗೆ ತಿರುಗಿದರೂ ಬೆನ್ನಿನ ಕಡೆಯಿಂದ ಸುಮಾರು 16 ನಾಟ್ ಹೆಚ್ಚುವರಿ ಗಾಳಿ ಕಂಡರೆ, ಪಿಟೋ ತೋರಿಸಿದ 100 ನಾಟನ್ನೇ ನೀವು ಲೆಕ್ಕಕ್ಕೆ ಹಿಡಿದಿದ್ದೀರಿ ಎಂದು ಅರ್ಥ. ಮೇಲೆ ಗಾಳಿ ತೆಳುವಾದ್ದರಿಂದ ಪಿಟೋ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 1.5ರಷ್ಟು ಕಡಿಮೆ ತೋರಿಸುತ್ತದೆ. ಆ ಎತ್ತರದಲ್ಲಿ ನಿಜವಾದ ವೇಗ ಸುಮಾರು 116 ನಾಟ್. ಅದನ್ನೇ ಲೆಕ್ಕಕ್ಕೆ ಹಿಡಿದು ಮತ್ತೊಂದು ಸುತ್ತು ಹಾಕಿ ನೋಡಿ.